ಸಹಾಯವಾಣಿ ಮರೆಯುವುದನ್ನೂ ಕಲಿಯಬೇಕು

ಹೂವಿನಹಡಗಲಿಯಲ್ಲಿರುವವರು ಮನಸ್ಸಿನ ಸಂಕಟವನ್ನು ಹೇಳಿಕೊಳ್ಳಲು ಇವತ್ತು ಬಸ್ಸು ಹತ್ತಬೇಕಿಲ್ಲ. 14416 ಒತ್ತಿದರೆ ಸಾಕು. ಹಗಲು ರಾತ್ರಿ ಎನ್ನದೆ, ಪೈಸೆ ಖರ್ಚಿಲ್ಲದೆ, ಕನ್ನಡದಲ್ಲೇ ಮಾತಾಡುವ ಆಪ್ತಸಮಾಲೋಚಕರು ಸಿಗುತ್ತಾರೆ. ಈ ‘ಟೆಲಿ ಮಾನಸ್’ ಸೇವೆಯನ್ನು ಕೇಂದ್ರ ಸರ್ಕಾರ 2022ರ ಅಕ್ಟೋಬರ್ 10ರಂದು, ವಿಶ್ವ ಮಾನಸಿಕ ಆರೋಗ್ಯ ದಿನದಂದು ಆರಂಭಿಸಿತು. ಬೆಂಗಳೂರಿನ ನಿಮ್ಹಾನ್ಸ್ ಇದರ ಮುಖ್ಯ ಕೇಂದ್ರ. ಮೊದಲ ಎರಡು ವರ್ಷಗಳಲ್ಲೇ ದೇಶದಾದ್ಯಂತ 14 ಲಕ್ಷಕ್ಕೂ ಹೆಚ್ಚು ಕರೆಗಳು ಬಂದವು. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ ಲೆಕ್ಕದಂತೆ 2022ರಲ್ಲಿ ದೇಶದಲ್ಲಿ 1,70,924 ಮಂದಿ, ಕರ್ನಾಟಕವೊಂದರಲ್ಲೇ 13,606 ಮಂದಿ ಆತ್ಮಹತ್ಯೆಯಿಂದ ತೀರಿಕೊಂಡರು. ಇಂಥ ಸೇವೆ ಎಷ್ಟು ಅಗತ್ಯವಿತ್ತು ಎಂದು ಬಿಡಿಸಿ ಹೇಳಬೇಕಿಲ್ಲ. ಆದರೆ ನಂಬರು ಗೊತ್ತಿದ್ದೂ ಅದನ್ನು ಒತ್ತಲು ಹಿಂಜರಿಯುವವರಿಗೆ ಒಂದು ಪ್ರಶ್ನೆ ಕಾಡುತ್ತದೆ: ನಾನು ಆಡಿದ್ದು ರೆಕಾರ್ಡ್ ಆಗುತ್ತದಾ? ಆಗುವುದಾದರೆ ಅದನ್ನು ಯಾರು ಕೇಳುತ್ತಾರೆ? ಬ್ಯಾಂಕಿಗೋ ಗ್ಯಾಸ್ ಏಜೆನ್ಸಿಗೋ ಫೋನ್ ಮಾಡಿದಾಗಲೆಲ್ಲ ‘ಗುಣಮಟ್ಟಕ್ಕಾಗಿ ಈ ಕರೆಯನ್ನು ರೆಕಾರ್ಡ್ ಮಾಡಲಾಗುತ್ತದೆ’ ಎಂಬ ಮಾತು ಕೇಳಿಸಿಕೊಂಡವರಿಗೆ ಈ ಅನುಮಾನ ಸಹಜ. ಬ್ಯಾಂಕಿನ ಕರೆಗೆ ಸಲ್ಲುವ ನಿಯಮ ಪ್ರಾಣಸಂಕಟದ ಕರೆಗೆ ಸಲ್ಲದು. ಸಹಾಯವಾಣಿಗೆ ಕೇಳುವ ಕಿವಿ ಎಷ್ಟು ಮುಖ್ಯವೋ, ಕೇಳಿದ್ದನ್ನು ಕಾಲಕಾಲಕ್ಕೆ ಅಳಿಸಿಹಾಕುವ ಶಿಸ್ತೂ ಅಷ್ಟೇ ಮುಖ್ಯ. ರೆಕಾರ್ಡಿಂಗ್ ಏಕೆ ಬೇಕು ಎಂದು ಸಾಬೀತು ಮಾಡುವ ಹೊಣೆ ಅದನ್ನು ಮಾಡುವವರದೇ ಹೊರತು, ಬೇಡ ಎಂದು ಅಳುಕುವವರದಲ್ಲ.

ಮಾನಸಿಕ ಆರೋಗ್ಯ ಸೇವೆಯ ಚರಿತ್ರೆಯಲ್ಲಿ ಹೂವಿನಹಡಗಲಿ ಇರುವ ಈ ಸೀಮೆಗೆ ದೊಡ್ಡ ಸ್ಥಾನವಿದೆ. ಇಂದು ವಿಜಯನಗರ ಜಿಲ್ಲೆಗೆ ಸೇರಿದ ಹಡಗಲಿ, ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹರಪನಹಳ್ಳಿಗಳೆಲ್ಲ ಬಳ್ಳಾರಿ ಜಿಲ್ಲೆಯಲ್ಲೇ ಇದ್ದ ಕಾಲವದು. 1985ರಿಂದ 1990ರವರೆಗೆ ನಿಮ್ಹಾನ್ಸ್ ಆ ಜಿಲ್ಲೆಯಲ್ಲಿ ಒಂದು ಪ್ರಯೋಗ ನಡೆಸಿತು. ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೂ ಆರೋಗ್ಯ ಕಾರ್ಯಕರ್ತರಿಗೂ ಮಾನಸಿಕ ಕಾಯಿಲೆ ಗುರುತಿಸುವ ತರಬೇತಿ ಕೊಟ್ಟು, ಅಗತ್ಯದ ಮಾತ್ರೆಗಳು ಅಲ್ಲೇ ಸಿಗುವಂತೆ ಮಾಡಿತು. ‘ಬಳ್ಳಾರಿ ಮಾದರಿ’ ಎಂದೇ ಹೆಸರಾದ ಆ ಪ್ರಯೋಗದ ತಳಹದಿಯ ಮೇಲೆ 1996ರಲ್ಲಿ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಶುರುವಾಯಿತು. ಚಿಕಿತ್ಸೆಯನ್ನು ಊರ ಹತ್ತಿರಕ್ಕೆ ತಂದದ್ದು ಆ ಮಾದರಿಯ ಬಲ. ಹತ್ತಿರವಾದದ್ದಕ್ಕೆ ತೆರಬೇಕಾದ ಬೆಲೆಯೂ ಇತ್ತು: ಊರ ಆಸ್ಪತ್ರೆಯಲ್ಲಿ ಸಾಲಿನಲ್ಲಿ ನಿಂತವರು ಅದೇ ಓಣಿಯವರು, ಚೀಟಿ ಬರೆಯುವವರು ಎಲ್ಲೋ ಒಂದು ಕಡೆ ನೆಂಟರು. ತಲೆನೋವು ಎಂದು ಬಂದವರು ನಿಜವಾದ ನೋವನ್ನು ಹೇಳದೆ ಹಿಂತಿರುಗಲು ಇಷ್ಟು ಸಾಕು. ನಿಮ್ಹಾನ್ಸ್ 2015–16ರಲ್ಲಿ ನಡೆಸಿದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ಸಾಮಾನ್ಯ ಮಾನಸಿಕ ತೊಂದರೆ ಇರುವವರಲ್ಲಿ ಸುಮಾರು ಶೇ 85 ಮಂದಿಗೆ ಚಿಕಿತ್ಸೆಯೇ ಸಿಕ್ಕಿರಲಿಲ್ಲ. ಇದಕ್ಕೆ ವೈದ್ಯರ ಕೊರತೆ ಒಂದು ಕಾರಣವಾದರೆ, ನಾಲ್ಕು ಜನರಿಗೆ ಗೊತ್ತಾದೀತು ಎಂಬ ಅಂಜಿಕೆ ಇನ್ನೊಂದು.

ಫೋನಿನ ಸಹಾಯವಾಣಿ ಈ ಎರಡನೆಯ ಗಂಟನ್ನು ಸಡಿಲಿಸುತ್ತದೆ. ಕೇಳುವವರು ಅಪರಿಚಿತರು, ದೂರದವರು. ನಾಳೆ ಸಂತೆಯಲ್ಲಿ ಎದುರಾಗುವವರಲ್ಲ. ಮಾತು ಮುಗಿದರೆ ಅಲ್ಲಿಗೆ ಮುಗಿಯಿತು. ಲಂಡನ್ನಿನಲ್ಲಿ 1953ರಲ್ಲಿ ಚಾಡ್ ವಾರಾ ಎಂಬ ಪಾದ್ರಿ ‘ಸಮಾರಿಟನ್ಸ್’ ಸಹಾಯವಾಣಿ ಆರಂಭಿಸಿದಾಗಿನಿಂದಲೂ ಈ ಸೇವೆಗಳ ಜೀವಾಳ ಇದೇ. ಹಡಗಲಿ ತಾಲ್ಲೂಕಿನವರಿಗೆ ಇದರ ಮಹತ್ವ ತಿಳಿಯಲು ಮೈಲಾರದ ಕಾರ್ಣಿಕವನ್ನು ನೆನೆದರೆ ಸಾಕು. ಭರತ ಹುಣ್ಣಿಮೆಯ ಜಾತ್ರೆಯಲ್ಲಿ ಗೊರವಯ್ಯ ಬಿಲ್ಲೇರಿ ನುಡಿಯುವ ಒಂದೇ ಮಾತನ್ನು ಲಕ್ಷಾಂತರ ಜನ ಕೇಳಿಸಿಕೊಂಡು, ಊರೂರಿಗೆ ಒಯ್ದು, ಮಳೆಗೆ ಒಬ್ಬರು, ರಾಜಕೀಯಕ್ಕೆ ಒಬ್ಬರು ಅರ್ಥ ಹಚ್ಚುತ್ತಾರೆ. ಎಲ್ಲರಿಗೂ ಸೇರಬೇಕೆಂದೇ ಆಡಿದ ಮಾತು ಅದು. ಸಹಾಯವಾಣಿಯಲ್ಲಿ ಆಡುವ ಮಾತು ಇದಕ್ಕೆ ತದ್ವಿರುದ್ಧ: ಒಬ್ಬರ ಕಿವಿಗಾಗಿ, ಒಂದು ಹೊತ್ತಿಗಾಗಿ ಆಡಿದ್ದು. ರೆಕಾರ್ಡಿಂಗ್ ಆದ ಕ್ಷಣದಿಂದ ಆ ಮಾತಿಗೆ ಆಡಿದವರು ಊಹಿಸದ ಕೇಳುಗರು ಹುಟ್ಟಿಕೊಳ್ಳುತ್ತಾರೆ. ಮೇಲ್ವಿಚಾರಕರು, ತಂತ್ರಾಂಶ ನಡೆಸುವ ಗುತ್ತಿಗೆದಾರರು, ಸರ್ವರ್ ನೋಡಿಕೊಳ್ಳುವವರು, ಮುಂದೊಂದು ದಿನ ತನಿಖೆಗೆ ಬರುವವರು, ಎಲ್ಲಕ್ಕಿಂತ ಹೆಚ್ಚಾಗಿ ಕದಿಯಲು ಬರುವವರು ಆ ಪಟ್ಟಿಯಲ್ಲಿದ್ದಾರೆ.

ಸಮಾಲೋಚಕರು ಬರೆದಿಡುವ ಟಿಪ್ಪಣಿಗೂ ಧ್ವನಿಮುದ್ರಣಕ್ಕೂ ಇರುವ ವ್ಯತ್ಯಾಸ ಇಲ್ಲಿ ಮುಖ್ಯ. ‘ಸಾಲದ ಒತ್ತಡ, ನಿದ್ದೆ ಇಲ್ಲ, ಸಾಯುವ ಯೋಚನೆ ಇದೆ, ಎರಡು ದಿನ ಬಿಟ್ಟು ವಿಚಾರಿಸಬೇಕು’ ಎಂಬ ಟಿಪ್ಪಣಿ ಮುಂದಿನ ಆರೈಕೆಗೆ ಬೇಕೇ ಬೇಕು. 2020ರ ಮಾರ್ಚ್‌ನಲ್ಲಿ ಪ್ರಕಟವಾದ ದೇಶದ ಟೆಲಿಮೆಡಿಸಿನ್ ಮಾರ್ಗಸೂಚಿ ಕೂಡ ವೈದ್ಯರು ದೂರಸಮಾಲೋಚನೆಯ ದಾಖಲೆ ಇಡಬೇಕು ಎನ್ನುತ್ತದೆ. ಆದರೆ ಧ್ವನಿಯಲ್ಲಿ ಟಿಪ್ಪಣಿಗಿಂತ ಬಹಳ ಹೆಚ್ಚಿನದು ಉಳಿಯುತ್ತದೆ: ಅಳು, ತೊದಲು, ಹಿಂದೆ ಕೇಳಿಸುವ ಮನೆಯವರ ಮಾತು, ಬಾಯಿತಪ್ಪಿ ಬಂದ ಹೆಸರುಗಳು. ಹೆಸರು, ನಂಬರು ತೆಗೆದುಹಾಕಿದರೆ ಗುರುತು ಹೋಯಿತಲ್ಲ ಎಂದು ಕಂಪ್ಯೂಟರ್ ಬಲ್ಲವರು ಸಮಾಧಾನ ಹೇಳುವುದುಂಟು. ಬೆಂಗಳೂರಿನಂಥ ಊರಿನಲ್ಲಿ ಅದು ಸ್ವಲ್ಪ ಮಟ್ಟಿಗೆ ನಿಜವಿರಬಹುದು. ಹಳ್ಳಿಗೆ ಅದು ಹೊಂದುವುದಿಲ್ಲ. ಒಂದೂವರೆ ಎಕರೆ ಮಲ್ಲಿಗೆ ತೋಟ, ಬತ್ತಿದ ಬೋರು, ಸಂಘದ ಸಾಲದ ಬಾಕಿ ಕಂತು, ಮುರಿದುಬಿದ್ದ ಮಗಳ ನಿಶ್ಚಿತಾರ್ಥ: ಈ ನಾಲ್ಕು ವಿವರ ಸಿಕ್ಕರೆ ಹೆಸರಿಲ್ಲದೆಯೂ ಊರಿನವರು ಮನೆ ತೋರಿಸುತ್ತಾರೆ. ಮಾತಿನ ಧಾಟಿ ಕೇಳಿಯೇ ಇದು ಹರಪನಹಳ್ಳಿ ಕಡೆಯದೋ ಕೂಡ್ಲಿಗಿ ಕಡೆಯದೋ ಎಂದು ಹೇಳಬಲ್ಲ ಜನರ ನಡುವೆ ಧ್ವನಿಯೇ ವಿಳಾಸ.

ಸಹಾಯವಾಣಿಯವರು ಏನೂ ರೆಕಾರ್ಡ್ ಮಾಡದಿದ್ದರೂ ಫೋನೆಂಬುದು ಗುಟ್ಟು ಬಿಟ್ಟುಕೊಡುವ ವಸ್ತುವೇ. ಮನೆಗೆ ಒಂದೇ ಒಳ್ಳೆಯ ಫೋನು, ಸಿಮ್ ಗಂಡನ ಅಥವಾ ಮಗನ ಹೆಸರಿನಲ್ಲಿ, ಯಾರು ಬೇಕಾದರೂ ತೆರೆದು ನೋಡುವ ಕರೆಪಟ್ಟಿ. ಇದು ಎಷ್ಟೋ ಹೆಣ್ಣುಮಕ್ಕಳ ಸ್ಥಿತಿ. ಆಕೆ ಮಧ್ಯಾಹ್ನ ಎಲ್ಲರೂ ಹೊರಗೆ ಹೋದ ಹೊತ್ತು ನೋಡಿ ಮಾತಾಡಿರುತ್ತಾಳೆ. ಸಂಜೆ ‘ಈಗ ಹೇಗಿದ್ದೀರಿ’ ಎಂದು ಕಾಳಜಿಯಿಂದ ಬರುವ ಮರುಕರೆಯನ್ನು ಮನೆಯ ಬೇರೆ ಯಾರೋ ಎತ್ತುತ್ತಾರೆ. ಆಕೆಯ ಗುಟ್ಟು ಬಯಲಾಗಲು ಯಾವ ಹ್ಯಾಕರನೂ ಬೇಕಾಗುವುದಿಲ್ಲ. ಇದರ ಮೇಲೆ ಟೆಲಿಕಾಂ ಕಂಪನಿಗಳು ಯಾರಿಂದ ಯಾರಿಗೆ, ಎಷ್ಟು ಹೊತ್ತು ಕರೆ ಹೋಯಿತು ಎಂಬ ವಿವರವನ್ನು ಕನಿಷ್ಠ ಎರಡು ವರ್ಷ ಇಟ್ಟುಕೊಳ್ಳಬೇಕು ಎಂದು 2021ರ ಡಿಸೆಂಬರ್‌ನಲ್ಲಿ ದೂರಸಂಪರ್ಕ ಇಲಾಖೆ ಲೈಸೆನ್ಸ್ ಷರತ್ತನ್ನೇ ಬದಲಿಸಿತು. ಅಮೆರಿಕದಲ್ಲಿ 2022ರಲ್ಲಿ ಬಂದ ಕಾಯ್ದೆಯೊಂದರ ಆಧಾರದ ಮೇಲೆ ಅಲ್ಲಿನ ದೂರಸಂಪರ್ಕ ಆಯೋಗ 2023ರಲ್ಲಿ ಒಂದು ನಿಯಮ ಮಾಡಿತು: ಕೌಟುಂಬಿಕ ದೌರ್ಜನ್ಯದ ಸಹಾಯವಾಣಿಗಳಿಗೆ ಹೋದ ಕರೆಗಳು ಗ್ರಾಹಕರಿಗೆ ಕೊಡುವ ಬಿಲ್ಲಿನಲ್ಲಿ, ಕರೆಪಟ್ಟಿಯಲ್ಲಿ ಕಾಣಿಸಕೂಡದು. ಕರೆಯ ಒಳಗಿನ ಮಾತಿನಂತೆ ಕರೆ ಹೋಯಿತೆಂಬ ಸಂಗತಿಯೂ ಕಾಪಾಡಬೇಕಾದದ್ದೇ ಎಂಬ ತಿಳಿವಳಿಕೆ ಈ ನಿಯಮದ ಹಿಂದಿದೆ.

ನಮ್ಮ ಕಾನೂನು ಈ ವಿಷಯದಲ್ಲಿ ಸುಮ್ಮನೆ ಕೂತಿಲ್ಲ. ಫೋನಿನಲ್ಲಿ ಆಡುವ ಮಾತು ಖಾಸಗಿ ಬದುಕಿನ ಭಾಗ ಎಂದು ಸುಪ್ರೀಂ ಕೋರ್ಟ್ 1996ರಲ್ಲೇ, ಪಿಯುಸಿಎಲ್ ಎಂಬ ನಾಗರಿಕ ಹಕ್ಕುಗಳ ಸಂಘಟನೆ ಹೂಡಿದ ಮೊಕದ್ದಮೆಯಲ್ಲಿ ಹೇಳಿತ್ತು. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರ ಅರ್ಜಿಯ ಮೇಲೆ 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ ಖಾಸಗಿತನವನ್ನು ಮೂಲಭೂತ ಹಕ್ಕೆಂದು ಸಾರಿತು. ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ, 2017ರ 23ನೇ ಕಲಂ ಗೋಪ್ಯತೆಯ ಹಕ್ಕು ಕೊಡುತ್ತದೆ. ಡಿಜಿಟಲ್ ರೂಪದಲ್ಲಿ ಇಟ್ಟ ಮಾಹಿತಿಗೂ ಈ ಹಕ್ಕು ಸಲ್ಲುತ್ತದೆ ಎಂದು 24ನೇ ಕಲಂ ಬಿಡಿಸಿ ಹೇಳುತ್ತದೆ. ಆದರೆ ಈ ಬೇಲಿಯಲ್ಲಿ ಕಂಡಿಗಳಿವೆ. 23ನೇ ಕಲಂ ಹಕ್ಕು ಕೊಡುವುದು ‘ಮಾನಸಿಕ ಅಸ್ವಸ್ಥತೆ ಇರುವ ವ್ಯಕ್ತಿ’ಗೆ, ಗುಟ್ಟು ಕಾಯುವ ಕರ್ತವ್ಯ ಹೊರಿಸುವುದು ‘ಆರೋಗ್ಯ ವೃತ್ತಿಪರ’ರಿಗೆ. ಬೆಳೆ ಹೋಗಿ ಸಾಲ ತೀರಿಸಲಾಗದೆ ಕಂಗೆಟ್ಟ ರೈತ ಸಂಕಟದಲ್ಲಿದ್ದಾನೆಯೇ ಹೊರತು ಅಸ್ವಸ್ಥನೆಂದು ಯಾರೂ ಬರೆದುಕೊಟ್ಟಿಲ್ಲ. ಖಾಸಗಿ ಸಹಾಯವಾಣಿಯಲ್ಲಿ ಅವನ ಮಾತು ಕೇಳುವ ಸ್ವಯಂಸೇವಕಿ ಕಾನೂನಿನ ಅರ್ಥದಲ್ಲಿ ಆರೋಗ್ಯ ವೃತ್ತಿಪರಳಾಗದೆ ಇರಬಹುದು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಇನ್ನೂ ಅಗಲವಾದದ್ದು. ಯಾವ ಮಾಹಿತಿ, ಯಾತಕ್ಕೆ ಎಂಬ ತಿಳಿವಳಿಕೆ ಪತ್ರವನ್ನು ಕನ್ನಡವೂ ಸೇರಿ ಎಂಟನೇ ಅನುಸೂಚಿಯ ಯಾವುದೇ ಭಾಷೆಯಲ್ಲಿ ಪಡೆಯಲು ಅದು ಅವಕಾಶ ಕೊಡುತ್ತದೆ. ಮಾಹಿತಿ ಅಳಿಸಿ ಎಂದು ಕೇಳುವ ಹಕ್ಕೂ ಇದೆ. ಅದರ ನಿಯಮಗಳು 2025ರ ನವೆಂಬರ್‌ನಲ್ಲಷ್ಟೇ ಪ್ರಕಟವಾದವು. ಮುಖ್ಯ ಹೊಣೆಗಾರಿಕೆಗಳು ಜಾರಿಗೆ ಬರಲು 18 ತಿಂಗಳ ಗಡುವಿದೆ. ಜತೆಗೆ ಅದರ 7ನೇ ಕಲಂ ಸರ್ಕಾರ ಸೇವೆ ಒದಗಿಸುವಾಗಲೂ ಪ್ರಾಣಾಪಾಯದ ವೈದ್ಯಕೀಯ ತುರ್ತಿನಲ್ಲೂ ಒಪ್ಪಿಗೆಯಿಲ್ಲದೆ ಮಾಹಿತಿ ಬಳಸಲು ದಾರಿ ಬಿಡುತ್ತದೆ. ಹೀಗಾಗಿ ಕಾನೂನು ಇದೆಯಲ್ಲ ಎಂದು ಸಹಾಯವಾಣಿಗಳು ಕೈತೊಳೆದುಕೊಳ್ಳುವಂತಿಲ್ಲ. ಕಾನೂನು ನಿಂತಲ್ಲಿಂದ ಮುಂದೆ ಅವುಗಳ ಸ್ವಂತ ನಿಯಮ ಶುರುವಾಗಬೇಕು.

ಇಂಥ ನಿಯಮ ಇಲ್ಲದಿದ್ದರೆ ಏನಾಗುತ್ತದೆ ಎಂಬುದಕ್ಕೆ ಹೊರದೇಶದ ಎರಡು ಪ್ರಸಂಗಗಳಿವೆ. ಅಮೆರಿಕದ ‘ಕ್ರೈಸಿಸ್ ಟೆಕ್ಸ್ಟ್ ಲೈನ್’ ಸಂಕಟದಲ್ಲಿರುವವರ ಜೊತೆ ಮೆಸೇಜಿನಲ್ಲಿ ಮಾತಾಡುವ ಲಾಭರಹಿತ ಸಂಸ್ಥೆ. ಆ ಮಾತುಕತೆಗಳಿಂದ ಹೆಸರು ತೆಗೆದ ದತ್ತಾಂಶವನ್ನು, ಗ್ರಾಹಕ ಸೇವೆಯ ತಂತ್ರಾಂಶ ಮಾಡುವ ‘ಲೋರಿಸ್’ ಎಂಬ ತನ್ನದೇ ಸಹಸಂಸ್ಥೆಗೆ ಅದು ಕೊಟ್ಟಿತ್ತು ಎಂದು 2022ರ ಜನವರಿಯಲ್ಲಿ ಪತ್ರಿಕೆಯೊಂದು ಬಯಲು ಮಾಡಿತು. ಬಳಕೆಯ ಷರತ್ತುಗಳಲ್ಲಿ ಎಲ್ಲ ಹೇಳಿದ್ದೇವೆ ಎಂಬುದು ಸಂಸ್ಥೆಯ ಮೊದಲ ಉತ್ತರ. ಸಾಯುವ ಯೋಚನೆಯಲ್ಲಿ ಮೆಸೇಜು ಮಾಡಿದವರು ಉದ್ದದ ಷರತ್ತು ಓದಿ ಒಪ್ಪಿದರು ಎಂಬ ವಾದ ಕೆಲವೇ ದಿನಗಳಲ್ಲಿ ಕುಸಿಯಿತು. ದತ್ತಾಂಶ ಹಂಚಿಕೆ ನಿಂತಿತು. ಎರಡನೆಯದು ಫಿನ್ಲೆಂಡಿನ ‘ವಾಸ್ತಾಮೊ’ ಎಂಬ ಮನೋಚಿಕಿತ್ಸಾ ಸಂಸ್ಥೆಯದು. ಚಿಕಿತ್ಸಕರು ಬರೆದಿಟ್ಟ ಸಾವಿರಾರು ರೋಗಿಗಳ ಟಿಪ್ಪಣಿಗಳನ್ನು ಕದ್ದವನು 2020ರಲ್ಲಿ ಮೊದಲು ಸಂಸ್ಥೆಯ ಬಳಿ ಹಣ ಕೇಳಿದ. ಅದು ಸಿಗದಾಗ ರೋಗಿಗಳಿಗೇ ಒಬ್ಬೊಬ್ಬರಿಗೆ ಬರೆದು, ಹಣ ಕೊಡದಿದ್ದರೆ ನಿಮ್ಮ ಗುಟ್ಟು ಊರಿಗೆಲ್ಲ ಹಾಕುತ್ತೇನೆ ಎಂದು ಬೆದರಿಸಿದ. 2024ರಲ್ಲಿ ಅವನಿಗೆ ಆರು ವರ್ಷಕ್ಕೂ ಹೆಚ್ಚು ಜೈಲಾಯಿತು. ಆದರೆ ಹೊರಬಿದ್ದ ಗುಟ್ಟುಗಳು ಹಿಂದಕ್ಕೆ ಹೋಗಲಿಲ್ಲ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂಬುದು ಡಿಜಿಟಲ್ ಕಾಲಕ್ಕೆ ಇನ್ನೂ ಹೆಚ್ಚು ಸತ್ಯ. ಇಟ್ಟುಕೊಂಡದ್ದನ್ನು ಮಾತ್ರ ಕದಿಯಲು ಸಾಧ್ಯ. ಅಳಿಸಿದ್ದನ್ನು ಯಾರೂ ಕದಿಯಲಾರರು.

ಸಾವಿನ ಅಂಚಿನಲ್ಲಿ ನಿಂತವರಿಗೆ ಖಾಸಗಿತನದ ಚಿಂತೆ ಎಲ್ಲಿರುತ್ತದೆ ಎಂದು ಕೇಳುವವರಿದ್ದಾರೆ. ಇದೆ, ಆ ಚಿಂತೆಯೇ ಅವರ ಬಾಯಿ ಕಟ್ಟುತ್ತದೆ. ಮನೋಚಿಕಿತ್ಸೆ ಪಡೆದ 547 ಮಂದಿಯನ್ನು ವಿಚಾರಿಸಿದ ಅಮೆರಿಕದ ಅಧ್ಯಯನವೊಂದರಲ್ಲಿ ಮೂವರಲ್ಲಿ ಒಬ್ಬರಷ್ಟು ಮಂದಿ ಸಾಯುವ ಯೋಚನೆಯನ್ನು ತಮ್ಮ ಚಿಕಿತ್ಸಕರಿಂದಲೇ ಮುಚ್ಚಿಟ್ಟಿದ್ದರು. ಹೇಳಿದರೆ ಒತ್ತಾಯದಿಂದ ಆಸ್ಪತ್ರೆಗೆ ಸೇರಿಸಿಬಿಡುತ್ತಾರೆ ಎಂಬ ಭಯ ಇಂಥ ಮೌನದ ಹಿಂದಿನ ದೊಡ್ಡ ಕಾರಣವೆಂದು ಅದೇ ಸಂಶೋಧಕರ ಮುಂದಿನ ಕೆಲಸ ತೋರಿಸಿತು. ನಮ್ಮಲ್ಲಿ ಈ ಭಯಕ್ಕೆ ಪೊಲೀಸರ ನೆರಳೂ ಸೇರಿದೆ. ಆತ್ಮಹತ್ಯೆಗೆ ಯತ್ನಿಸುವುದು ಭಾರತೀಯ ದಂಡ ಸಂಹಿತೆಯ 309ನೇ ಕಲಂ ಪ್ರಕಾರ ಅಪರಾಧವಾಗಿತ್ತು. ಹಾಗೆ ಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರೆಂದೇ ಭಾವಿಸಬೇಕು, ಶಿಕ್ಷಿಸಕೂಡದು ಎಂದು 2017ರ ಕಾಯ್ದೆಯ 115ನೇ ಕಲಂ ಹೇಳಿತು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಆ ಹಳೆಯ ಕಲಮೇ ಇಲ್ಲ. ಪುಸ್ತಕದಿಂದ ಹೋದ ಕಾನೂನು ಜನರ ಮನಸ್ಸಿನಿಂದ ಅಷ್ಟು ಬೇಗ ಹೋಗುವುದಿಲ್ಲ. ‘ರೆಕಾರ್ಡ್ ಆಗುತ್ತದೆ’ ಎಂಬ ಒಂದು ಮಾತು ಆ ಹಳೆಯ ಅಂಜಿಕೆಯನ್ನು ಎಬ್ಬಿಸಿದರೆ, ಕರೆ ಮಾಡಿದವರು ‘ಸುಮ್ಮನೆ ನಿದ್ದೆ ಬರುತ್ತಿಲ್ಲ, ಅಷ್ಟೇ’ ಎಂದು ಹೇಳಿ ಫೋನು ಇಡುತ್ತಾರೆ. ಆಗ ಯಂತ್ರದಲ್ಲಿ ಉಳಿಯುವುದು ಸುಳ್ಳಿನ ಸ್ಪಷ್ಟ ದಾಖಲೆ.

ರೆಕಾರ್ಡಿಂಗ್ ಪರವಾಗಿ ಇರುವ ವಾದಗಳಲ್ಲಿ ಬಲವಾದದ್ದು ಗುಣಮಟ್ಟದ್ದು. ಸಮಾಲೋಚಕರು ಗದರಿದರೋ, ಉಪದೇಶ ಮಾಡಿದರೋ, ಕೇಳಬೇಕಾದ್ದನ್ನು ಕೇಳದೆ ಬಿಟ್ಟರೋ ಎಂದು ತಿಳಿಯುವುದು ಹೇಗೆ? ಇದು ಹುಸಿ ಆತಂಕವಲ್ಲ. ಸಂಶೋಧಕ ಬ್ರಯನ್ ಮಿಶಾರಾ ಮತ್ತು ಸಂಗಡಿಗರು ಅಮೆರಿಕದ 14 ಸಹಾಯವಾಣಿ ಕೇಂದ್ರಗಳ 1,431 ಕರೆಗಳನ್ನು ಪರಿಶೀಲಿಸಿ 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಸಾಯುವ ಯೋಚನೆ ಇದೆಯೇ ಎಂಬ ಮೊದಲ ಪ್ರಶ್ನೆಯನ್ನೇ ಕೇಳದ ಕರೆಗಳು ಸಾಕಷ್ಟಿದ್ದವು. ಯಾರೂ ಗಮನಿಸದಿದ್ದರೆ ಈ ಲೋಪ ಹಾಗೇ ಮುಂದುವರಿಯುತ್ತಿತ್ತು. ಆದರೆ ಅವರು ಗಮನಿಸಿದ ವಿಧಾನವೇ ಈ ವಾದಕ್ಕೆ ಉತ್ತರ ಕೊಡುತ್ತದೆ: ಕರೆ ನಡೆಯುತ್ತಿರುವಾಗಲೇ ಸಂಶೋಧಕರು ಮೌನವಾಗಿ ಕೇಳಿ ಗುರುತು ಹಾಕಿಕೊಂಡರು. ಗುಣಮಟ್ಟ ಕಾಯಲು ಪ್ರತಿ ಕರೆಯನ್ನೂ ವರ್ಷಗಟ್ಟಲೆ ಕೂಡಿಡಬೇಕಿಲ್ಲ. ಹಿರಿಯ ಸಮಾಲೋಚಕರು ಆಗಾಗ ನೇರವಾಗಿ ಕೇಳಬಹುದು. ಕರೆ ಮಾಡಿದವರ ಒಪ್ಪಿಗೆ ಪಡೆದು ಕೆಲವನ್ನಷ್ಟೇ ಮುದ್ರಿಸಿ, ಪರಿಶೀಲಿಸಿ, ತಿಂಗಳೊಳಗೆ ಅಳಿಸಬಹುದು. ತರಬೇತಿಗೆ ನಟಿಸಿದ ಕರೆಗಳನ್ನು ಬಳಸಬಹುದು.

ಎರಡನೆಯ ವಾದ ಪ್ರಾಣ ಉಳಿಸುವುದರದ್ದು. ಈಗಲೇ ಏನಾದರೂ ಮಾಡಿಕೊಳ್ಳುತ್ತೇನೆ ಎಂದವರನ್ನು ಹುಡುಕಬೇಡವೇ? ಬೇಕು. ಆದರೆ ಹುಡುಕಲು ನೆರವಾಗುವುದು ಆ ಹೊತ್ತಿನ ನಂಬರು, ಆ ಹೊತ್ತಿನ ಸ್ಥಳ, 112 ಅಥವಾ 108ರ ಜೊತೆಗಿನ ಸಂಪರ್ಕ. ಕಳೆದ ವರ್ಷದ ಧ್ವನಿಮುದ್ರಣವಲ್ಲ. ಗೋಪ್ಯತೆಗೂ ಎಲ್ಲೆಗಳಿವೆ. ಪ್ರಾಣಕ್ಕೆ ಅಪಾಯವಿದ್ದಾಗ, ಇನ್ನೊಬ್ಬರಿಗೆ ಹಾನಿಯಾಗುವಂತಿದ್ದಾಗ ಮಾಹಿತಿ ಕೊಡಲು 2017ರ ಕಾಯ್ದೆಯೇ ಅವಕಾಶ ಕೊಡುತ್ತದೆ. ಮಗುವಿನ ಮೇಲಿನ ಲೈಂಗಿಕ ದೌರ್ಜನ್ಯ ತಿಳಿದರೆ ದೂರು ಕೊಡುವುದು 2012ರ ಪೋಕ್ಸೊ ಕಾಯ್ದೆಯ 19ನೇ ಕಲಂ ಪ್ರಕಾರ ಕಡ್ಡಾಯ. ಈ ಎಲ್ಲೆಗಳನ್ನು ಮೊದಲೇ ಹೇಳಬೇಕು. ‘ಎಲ್ಲವೂ ಗುಟ್ಟಾಗಿರುತ್ತದೆ’ ಎಂದು ಮಾತು ಕೊಟ್ಟು, ಆಮೇಲೆ ಬಾಗಿಲಿಗೆ ಪೊಲೀಸರು ಬಂದರೆ ಆ ಒಬ್ಬರಲ್ಲ, ಆ ಊರೇ ಮತ್ತೆ ಕರೆ ಮಾಡುವುದಿಲ್ಲ. ಮಕ್ಕಳ ಸಹಾಯವಾಣಿ 1098 ಅನ್ನು 2023ರಲ್ಲಿ 112ರ ತುರ್ತು ವ್ಯವಸ್ಥೆಯೊಂದಿಗೆ ಜೋಡಿಸಿದಾಗ ಮಕ್ಕಳ ಹಕ್ಕುಗಳ ಕಾರ್ಯಕರ್ತರು ಎತ್ತಿದ ಆತಂಕವೂ ಇದೇ: ಪೊಲೀಸ್ ವ್ಯವಸ್ಥೆಯ ಹತ್ತಿರಕ್ಕೆ ಬಂದಷ್ಟೂ ಮಗು ಬಾಯಿಬಿಡಲು ಅಂಜುತ್ತದೆ.

ಮೂರನೆಯ ವಾದವನ್ನು ಸಹಾಯವಾಣಿಯಲ್ಲಿ ದುಡಿಯುವವರೇ ಮುಂದಿಡುತ್ತಾರೆ, ಅದಕ್ಕೆ ನ್ಯಾಯವಿದೆ. ಹೆಣ್ಣು ಧ್ವನಿ ಕೇಳಿದೊಡನೆ ಅಶ್ಲೀಲವಾಗಿ ಮಾತಾಡುವವರು, ಬೆದರಿಸುವವರು, ಮತ್ತೆ ಮತ್ತೆ ಕಾಡುವವರು ಈ ಕೆಲಸದ ನಿತ್ಯದ ಕಾಟ. ಅಂಥವರ ಮೇಲೆ ದೂರು ಕೊಡಲು ಪುರಾವೆ ಬೇಕು. ಅದಕ್ಕೆ ಉಪಾಯ, ಸಿಬ್ಬಂದಿ ಒತ್ತಿದಾಗ ಮಾತ್ರ ಶುರುವಾಗುವ ರೆಕಾರ್ಡಿಂಗ್. ಕೆಲವರ ಕಿಡಿಗೇಡಿತನಕ್ಕಾಗಿ ಸಾವಿರಾರು ನೊಂದವರ ಮಾತನ್ನು ಕೂಡಿಡುವುದು ತಪ್ಪು ಲೆಕ್ಕ. ಇನ್ನು ಕೆಲವರು, ಇಂಥ ವಿಷಯ ಚರ್ಚಿಸಿದರೆ ಇದ್ದಬದ್ದವರೂ ಕರೆ ಮಾಡುವುದು ಬಿಟ್ಟಾರು ಎನ್ನುತ್ತಾರೆ. ಹಾಗಾಗಬಾರದು. ಸಂಕಟದಲ್ಲಿರುವವರು 14416ಕ್ಕೆ ಕರೆ ಮಾಡಲೇಬೇಕು. ಮೌನದಿಂದಾಗುವ ಅಪಾಯ ಮಾತಾಡುವುದರ ಅಪಾಯಕ್ಕಿಂತ ಎಷ್ಟೋ ದೊಡ್ಡದು. ಆದರೆ ಅನುಮಾನ ಚರ್ಚೆಯಿಂದ ಹುಟ್ಟಿದ್ದಲ್ಲ, ಅದು ಈಗಾಗಲೇ ಇದೆ. ಅದನ್ನು ಕಳೆಯಲು ಇರುವ ದಾರಿ ನೇರ ಉತ್ತರ ಒಂದೇ.

ಆ ಉತ್ತರ ಬಹಳ ಉದ್ದವಾಗಬೇಕಿಲ್ಲ. ಕರೆ ಎತ್ತಿದ ಕೂಡಲೇ, ವಕೀಲರ ಭಾಷೆಯಲ್ಲಲ್ಲ, ಆಡುಗನ್ನಡದಲ್ಲಿ ನಾಲ್ಕು ಮಾತು: ಈ ಕರೆ ರೆಕಾರ್ಡ್ ಆಗುತ್ತದೋ ಇಲ್ಲವೋ; ಆಗುವುದಾದರೆ ಎಷ್ಟು ದಿನ ಇರುತ್ತದೆ, ಯಾರು ಕೇಳಬಹುದು; ಬೇಡವೆಂದರೂ ಸಹಾಯ ಸಿಗುತ್ತದೆ; ಯಾವ ಸಂದರ್ಭದಲ್ಲಿ ಮಾತ್ರ ಬೇರೆಯವರಿಗೆ ತಿಳಿಸುತ್ತೇವೆ. ಮರುಕರೆ ಮಾಡುವ ಮುನ್ನ ‘ಯಾವ ಹೊತ್ತಿಗೆ ಮಾಡಲಿ, ಬೇರೆಯವರು ಎತ್ತಿದರೆ ಏನು ಹೇಳಲಿ’ ಎಂದು ಕೇಳಿಕೊಳ್ಳುವುದು ಐದನೆಯದು. ಅಳಿಸುವ ಗಡುವನ್ನು ಪ್ರಕಟಿಸಿ, ಅದರಂತೆ ಅಳಿಸಿದ್ದಾರೆಯೇ ಎಂದು ಹೊರಗಿನವರಿಂದ ವರ್ಷಕ್ಕೊಮ್ಮೆ ತಪಾಸಣೆ ಮಾಡಿಸಬೇಕು. ಸರ್ಕಾರಿ ಸಹಾಯವಾಣಿಗೂ ಸ್ವಯಂಸೇವಾ ಸಂಸ್ಥೆಯ ಸಹಾಯವಾಣಿಗೂ ಇದೇ ನಿಯಮ ಇರಬೇಕು. ಕೂಡ್ಲಿಗಿಯ ಆಶಾ ಕಾರ್ಯಕರ್ತೆ, ಹರಪನಹಳ್ಳಿಯ ಶಾಲಾ ಶಿಕ್ಷಕಿ ನಂಬರು ಬರೆದ ಚೀಟಿಯನ್ನು ಯಾರಿಗಾದರೂ ಕೊಡುವಾಗ ‘ಅಲ್ಲಿ ಹೇಳಿದ್ದು ಅಲ್ಲೇ ಇರುತ್ತದಾ’ ಎಂಬ ಪ್ರಶ್ನೆ ಬಂದೇ ಬರುತ್ತದೆ. ಅದಕ್ಕೆ ಅವರು ಅಳುಕಿಲ್ಲದೆ ‘ಹೌದು, ಹೀಗೆ ಇರುತ್ತದೆ’ ಎಂದು ವಿವರಿಸುವಂತಾದರೆ, ನಾಲ್ಕು ದಶಕದ ಹಿಂದೆ ಈ ಸೀಮೆ ದೇಶಕ್ಕೆ ಕೊಟ್ಟ ಮಾದರಿಯ ಜೊತೆಗೆ ಇನ್ನೊಂದು ಮಾದರಿಯನ್ನೂ ಕೊಟ್ಟಂತಾಗುತ್ತದೆ. ಅಂದು ಚಿಕಿತ್ಸೆ ಊರಿಗೆ ಹತ್ತಿರವಾಯಿತು. ಇನ್ನು ಆಗಬೇಕಾದದ್ದು, ಊರಿನ ಕಣ್ಣಿಗೆ ಬೀಳದೆ ಆ ಚಿಕಿತ್ಸೆಯನ್ನು ತಲುಪುವ ದಾರಿ.